ವೃದ್ಧರ ಲಸಿಕೆಗೂ ಸರ್ಕಾರದ ಪಟ್ಟಿಯಲ್ಲಿ ಸ್ಥಾನ ಬೇಕು

1953ರ ನಾಗಪುರ ಒಪ್ಪಂದದ ಫಲವಾಗಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಾಗಪುರದ ಸಿವಿಲ್ ಲೈನ್ಸ್‌ನಲ್ಲಿರುವ ವಿಧಾನ ಭವನದಲ್ಲಿ ಸೇರುವುದು ರೂಢಿ. ಕೋವಿಡ್ ಕಾಲದ 2020 ಮತ್ತು 2021ರಲ್ಲಿ ಅದು ಮುಂಬಯಿಯಲ್ಲೇ ನಡೆದು, 2022ರಲ್ಲಿ ನಾಗಪುರಕ್ಕೆ ಮರಳಿತು. ಆ ಸಾಂಕ್ರಾಮಿಕ ಕಲಿಸಿದ ಪಾಠ ಮಾತ್ರ ಇನ್ನೂ ನೀತಿಯಾಗಿ ರೂಪುಗೊಂಡಿಲ್ಲ. ಮೊಮ್ಮಗನಿಗೆ ನೆಗಡಿಯಾಗಿ ಹಾದುಹೋದ ಸೋಂಕೇ ಅಜ್ಜನ ಪ್ರಾಣಕ್ಕೆ ಎರವಾಯಿತು. ಏಕೆ?

ಎದೆಯೊಳಗಿನ ಥೈಮಸ್ ಗ್ರಂಥಿ ಹೊಸ ಟಿ ಜೀವಕೋಶಗಳ ಪಾಠಶಾಲೆ. ಯೌವನದಿಂದಲೇ ಅದು ಕುಗ್ಗತೊಡಗುತ್ತದೆ. ಮುಪ್ಪಿನಲ್ಲಿ ಹಳೆಯ ಶತ್ರುಗಳನ್ನು ಬಲ್ಲ ಕೋಶಗಳು ಉಳಿದಿದ್ದರೂ ಹೊಸ ರೋಗಾಣುವನ್ನು ಗುರುತಿಸಬಲ್ಲವು ವಿರಳ. ಇನ್ನೊಂದೆಡೆ, ದೇಹದಲ್ಲಿ ಮಂದವಾದ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ. ಹೀಗಾಗಿ ರಕ್ಷಣೆ ತಡವಾಗಿ ಏಳುತ್ತದೆ, ಎದ್ದಮೇಲೆ ಹದ ತಪ್ಪುತ್ತದೆ. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯೇ ಹತೋಟಿ ಮೀರಿ ಸ್ವಂತ ಅಂಗಗಳನ್ನು ಕೆಡಿಸುವ ಸ್ಥಿತಿಯೇ ಸೆಪ್ಸಿಸ್.

ಈ ಅಪಾಯ ಬಹುವೇಳೆ ಸದ್ದಿಲ್ಲದೆ ಬರುತ್ತದೆ. ವೃದ್ಧರಲ್ಲಿ ತೀವ್ರ ಸೋಂಕಿದ್ದರೂ ಜ್ವರ ಏರದಿರಬಹುದು. ದಿಢೀರ್ ಗೊಂದಲ, ಮಂಪರು, ಬೀಳುವುದು, ಅನ್ನ ಬೇಡವೆನ್ನುವುದು, ಇವೇ ಮೊದಲ ಸೂಚನೆಗಳು. ಜೈನ ಮನೆಗಳು ವಿಶೇಷವಾಗಿ ಎಚ್ಚರವಹಿಸಬೇಕಾದುದು ಇಲ್ಲಿಯೇ. ಹಿರಿಯರು ಊಟ ಬಿಟ್ಟರೆ ಅದನ್ನು ಉಪವಾಸವೆಂದು ಗೌರವಿಸುವ ಮನೆಗಳಲ್ಲಿ ರೋಗಲಕ್ಷಣ ವ್ರತದ ಮರೆಯಲ್ಲಿ ಅಡಗಬಹುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ ಹೇಳುವ ರೋಗವೂ ಪ್ರತೀಕಾರವಿಲ್ಲದ ರೋಗವೇ ಹೊರತು ಔಷಧಕ್ಕೆ ಮಣಿಯುವ ನ್ಯುಮೋನಿಯವಲ್ಲ. ರೋಗಿಯ ಸೇವೆಯಾದ ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಎಚ್ಚರವಷ್ಟೇ ಸಾಲದು. 2017ರಲ್ಲಿ ಆರಂಭವಾಗಿ 2021ರಲ್ಲಿ ದೇಶವ್ಯಾಪಿಯಾದ ನ್ಯುಮೋಕಾಕಸ್ ಲಸಿಕೆ ಶಿಶುಗಳಿಗೆ ಉಚಿತ. ಅದೇ ರೋಗಾಣುವಿಗೆ ತುತ್ತಾಗುವ ವೃದ್ಧರು ತಮ್ಮ ಲಸಿಕೆಯನ್ನು ಕೊಂಡುಕೊಳ್ಳಬೇಕು. ಪ್ರತಿವರ್ಷದ ಫ್ಲೂ ಲಸಿಕೆಗೂ ಇದೇ ಗತಿ. 2024ರ ಅಕ್ಟೋಬರ್‌ನಿಂದ 70 ದಾಟಿದವರಿಗೆ ಆಯುಷ್ಮಾನ್ ಭಾರತ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ನೀಡುತ್ತಿದೆ. ಇದು ಸ್ತುತ್ಯರ್ಹ. ಆದರೆ ತೀವ್ರನಿಗಾ ಘಟಕಕ್ಕೆ ಹಣ ತೆರಲು ಸಿದ್ಧವಿರುವ ಸರ್ಕಾರ, ಅಲ್ಲಿಗೆ ಹೋಗುವುದನ್ನು ತಪ್ಪಿಸಬಲ್ಲ ಸೂಜಿಗೆ ಹಿಂಜರಿಯುವುದು ಯಾವ ಮಿತವ್ಯಯ?

ಮುಪ್ಪಿನಲ್ಲಿ ಲಸಿಕೆಯ ಫಲವೂ ಕುಂದುತ್ತದೆಂಬ ಆಕ್ಷೇಪ ನಿಜ. ಆದರೂ ಅದು ರೋಗದ ತೀವ್ರತೆಯನ್ನೂ ಸಾವನ್ನೂ ತಗ್ಗಿಸುತ್ತದೆ. ಫಲ ಅಪೂರ್ಣವೆಂದು ಕೈಬಿಡುವುದಕ್ಕಿಂತ, ಮನೆಯ ಕಿರಿಯರೂ ಲಸಿಕೆ ಪಡೆದು ಹಿರಿಯರ ಸುತ್ತ ಸೋಂಕು ತಗ್ಗಿಸುವುದು ವಿವೇಕ.

ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಜೈನರ ಫಲವತ್ತತೆಯ ದರ 1.6. ಮಕ್ಕಳು ಕಡಿಮೆಯಾದಂತೆ ವೃದ್ಧರ ಪಾಲು ಹೆಚ್ಚುವ ಸಮಾಜ ಇದು. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳು ತಮ್ಮ ಶಾಸಕರ ಮುಂದೆ ಈ ಬೇಡಿಕೆ ಇಡಲಿ. ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯ ವಿಷಯವಾದ್ದರಿಂದ ದೆಹಲಿಯತ್ತ ಬೆರಳು ತೋರಿ ನುಣುಚಿಕೊಳ್ಳಲು ಯಾರಿಗೂ ಅವಕಾಶವಿಲ್ಲ. ನೇತ್ರ ಶಿಬಿರ, ರಕ್ತದಾನ ಶಿಬಿರ ನಡೆಸಿ ಬಲ್ಲ ಬಸದಿಯ ಟ್ರಸ್ಟುಗಳು ಅಲ್ಲಿಯವರೆಗೆ ಹಿರಿಯರ ಲಸಿಕಾ ಶಿಬಿರಗಳನ್ನು ಆರಂಭಿಸಲಿ.