ಅಂಗಡಿಗೆ ಹೊರಡೋ ಮುಂಚೆ ಎಫ್1 ಒತ್ತಿ

ಲ್ಯಾಪ್‌ಟಾಪ್ ಮೂರು ನಾಲ್ಕು ಸಲ ತಾನಾಗೇ ಆಫ್ ಆಯ್ತು ಅಂದ್ಕೊಳ್ಳಿ. ಸೆರಿಟೋಸ್‌ನ ನಾವೆಲ್ಲ ಏನು ಮಾಡ್ತೀವಿ? ಪಕ್ಕದ ಆರ್ಟೀಸಿಯಾಕ್ಕೆ ದಿನಸಿ ತರೋಕೆ ಹೊರಟಾಗ ಹಾಗೇ ಯಾವುದಾದ್ರೂ ರಿಪೇರಿ ಅಂಗಡಿಗೆ ಕೊಟ್ಟು ಬರ್ತೀವಿ. ನಾನೂ ಕೊಟ್ಟೆ. "ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ್ದೀವಿ" ಅಂದ್ರು. ಅಳಿಸಿದ್ದರಲ್ಲಿ ಅಜ್ಜಿ ಹೇಳಿದ ಕಥೆಗಳ ರೆಕಾರ್ಡಿಂಗ್ ಇತ್ತು. ಇನ್ನೊಂದು ಪ್ರತಿ ಇಟ್ಟಿರಲಿಲ್ಲ, ಅದು ನನ್ನ ತಪ್ಪು. ವಾರದೊಳಗೆ ಮತ್ತೆ ಆಫ್! ಕೆಟ್ಟಿದ್ದು ರ‍್ಯಾಮ್.

ಅಂಗಡಿಯವರನ್ನ ಬೈದು ಏನು ಬಂತು? ಸೋಮಾರಿತನ ನಮ್ಮದೂ ಹೌದು. ಮೆಮ್‌ಟೆಸ್ಟ್86+ ಉಚಿತ. ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಿ. ಇಂಟರ್ನೆಟ್ ಬೇಡ, ವಿಂಡೋಸ್ ಬೇಡ, ನಿಮ್ಮ ಫೈಲುಗಳ ತಂಟೆಗೂ ಅದು ಹೋಗುವುದಿಲ್ಲ.

"ಹಾಕಿ ನೋಡಿದ್ದೆ, ಒಂದು ಸುತ್ತು ಪಾಸ್ ಆಯ್ತು" ಅನ್ನೋರೂ ಇದ್ದೀರಿ. ಒಂದು ಸುತ್ತು ಸಾಲದು, ಬಿಟ್ಟು ಬಿಟ್ಟು ಬರುವ ದೋಷ ತಪ್ಪಿಸಿಕೊಳ್ಳುತ್ತೆ, ರಾತ್ರಿಯಿಡೀ ಓಡಲಿ. ಶುರುವಿನಲ್ಲಿ ಅದು ಕೆಲವು ಸೆಕೆಂಡ್ ನಿಮಗೋಸ್ಕರ ಕಾಯುತ್ತೆ. ಎಫ್1 ಒತ್ತಿದ್ರೆ ಸೆಟ್ಟಿಂಗ್ಸ್: ಯಾವ ಪರೀಕ್ಷೆ, ಮೆಮೊರಿಯ ಯಾವ ಭಾಗ, ನೀವೇ ಆರಿಸಬಹುದು. ಪ್ರೊಸೆಸರಿನ ಒಂದೇ ಕೋರೋ, ಎಲ್ಲವೋ ಅನ್ನೋದಕ್ಕೆ ಎಫ್2. ಎಸ್ಕೇಪ್ ಒತ್ತಿದ್ರೆ ಪರೀಕ್ಷೆ ನಿಂತು ಯಂತ್ರ ರೀಬೂಟ್ ಆಗುತ್ತೆ. ಇಷ್ಟಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಕೇನ್ರೀ? (ನಮ್ಮಲ್ಲಿ ಅರ್ಧ ಜನರ ಹತ್ತಿರ ಅದೂ ಇದೆ.)

ಒಂದೇ ಒಂದು ಎರರ್ ಬಂದರೂ "ಒಂದೇ ತಾನೆ" ಅನ್ನಬೇಡಿ. ಎರಡು ರ‍್ಯಾಮ್ ಇದ್ದರೆ ಒಂದನ್ನ ತೆಗೆದು ಮತ್ತೆ ಓಡಿಸಿ, ಆಮೇಲೆ ಇನ್ನೊಂದನ್ನ. ಆಗ ಕಳ್ಳ ಸಿಗ್ತಾನೆ. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದರೆ ಅಂಗಡಿಗೆ ಹೋಗಲೇಬೇಕು. ಹೋಗಿ, ಆದರೆ ಎರರ್ ತೋರಿಸಿದ ಪರದೆಯ ಫೋಟೋ ಜೊತೆಗಿರಲಿ, ಬಿಚ್ಚೋಕೆ ಬರುವ ಡಿಸ್ಕ್ ಆದರೆ ಬಿಚ್ಚಿ ಮನೇಲೇ ಇಟ್ಟು ಹೋಗಿ.