ಬೆಂಗಳೂರು ಎಫ್‌ಸಿ: ಬಿಡುವಿನ ತಿಂಗಳುಗಳಲ್ಲಿ ಗೆದ್ದದ್ದು, ಸೋತದ್ದು

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ಮೈದಾನಗಳಲ್ಲಿ ಕ್ರಿಕೆಟ್ ಬ್ಯಾಟು ಮೂಲೆ ಸೇರುತ್ತದೆ, ಫುಟ್‌ಬಾಲ್ ಹೊರಗೆ ಬರುತ್ತದೆ. ಮಕ್ಕಳು ಕೆಸರಿನಲ್ಲಿ ಜಾರುತ್ತಾ ಬೀಳುತ್ತಾ ಆಡುವ ಈ ತಿಂಗಳುಗಳಲ್ಲೇ ದೇಶದ ದೊಡ್ಡ ಕ್ಲಬ್‌ಗಳಿಗೆ ಬಿಡುವು. 2025ರವರೆಗೆ ನಮ್ಮ ಲೀಗ್ ಸಾಮಾನ್ಯವಾಗಿ ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್ ಹೊತ್ತಿಗೆ ಆರಂಭವಾಗಿ ಬೇಸಿಗೆಗೆ ಮುಗಿಯುತ್ತಿತ್ತು. ನಡುವಿನ ಬಿಡುವಿನಲ್ಲಿ ಕ್ಲಬ್‌ಗಳ ಕಚೇರಿಯಲ್ಲಿ ಬೇರೊಂದು ಆಟ ನಡೆಯುತ್ತದೆ. ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು, ಕೋಚ್ ಇರಬೇಕೇ ಹೋಗಬೇಕೇ ಎಂಬ ತೀರ್ಮಾನಗಳಾಗುತ್ತವೆ. ಪ್ರೇಕ್ಷಕರಿಲ್ಲದ ಈ ಆಟದ ಫಲಿತಾಂಶ ಗೊತ್ತಾಗುವುದು ಆರೆಂಟು ತಿಂಗಳು ಕಳೆದ ಮೇಲೆ.

ನಮ್ಮ ರಾಜ್ಯದ ಪ್ರಮುಖ ಕ್ಲಬ್ ಬೆಂಗಳೂರು ಎಫ್‌ಸಿ. ಕೆಲಸಕ್ಕೆಂದು, ಓದಿಗೆಂದು ಬೆಂಗಳೂರು ಸೇರಿರುವ ನಮ್ಮ ಯುವಕರಲ್ಲಿ ಅನೇಕರು ಕಂಠೀರವ ಕ್ರೀಡಾಂಗಣದಲ್ಲಿ ಕುಳಿತು ಈ ನೀಲಿ ಅಂಗಿಯ ತಂಡಕ್ಕಾಗಿ ಕೂಗಿದವರೇ. ಈ ಕ್ಲಬ್ಬಿನ ಬಿಡುವಿನ ಕಾಲದ ತೀರ್ಮಾನಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ. ಫುಟ್‌ಬಾಲ್ ಚೆನ್ನಾಗಿ ಆಡುವ ಮಗನಿರುವ ಮನೆಗಳಲ್ಲಿ ತಂದೆತಾಯಂದಿರು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ಇವನನ್ನು ಈ ದಾರಿಯಲ್ಲಿ ಬಿಡಬಹುದೇ? ಆ ಪ್ರಶ್ನೆಗೂ ಈ ಲೆಕ್ಕಕ್ಕೂ ಹತ್ತಿರದ ಸಂಬಂಧವಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲ ಮೂವರು ಕೋಚ್‌ಗಳು

2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಈ ಕ್ಲಬ್ಬನ್ನು ಕಟ್ಟಿತು. ಕೋಚ್ ಆಗಿ ಬಂದವರು ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಅದೇ ಬೇಸಿಗೆಯಲ್ಲಿ ಸುನಿಲ್ ಛೆಟ್ರಿ ತಂಡ ಸೇರಿದರು. ಹೊಸ ತಂಡ ತನ್ನ ಮೊದಲ ಪ್ರಯತ್ನದಲ್ಲೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದುಕೊಂಡಿತು. ವೆಸ್ಟ್‌ವುಡ್ ಮೂರು ಋತುಗಳ ಕಾಲ ಇದ್ದರು. ಎರಡು ಐ-ಲೀಗ್ ಮತ್ತು ಒಂದು ಫೆಡರೇಷನ್ ಕಪ್ ಗೆದ್ದುಕೊಟ್ಟು 2016ರಲ್ಲಿ ಹೊರಟರು.

ಆಮೇಲೆ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಅವರ ಕೈಕೆಳಗೆ ತಂಡ 2016ರ ನವೆಂಬರಿನಲ್ಲಿ ದೋಹಾದಲ್ಲಿ ನಡೆದ ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಕ್ಲಬ್ ಒಂದು ಅಲ್ಲಿಯವರೆಗೆ ತಲುಪಿದ್ದು ಅದೇ ಮೊದಲು. ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 0-1ರಿಂದ ಸೋತರೂ ಗೌರವ ಕಳೆದುಕೊಳ್ಳಲಿಲ್ಲ. 2017ರಲ್ಲಿ ಕ್ಲಬ್ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಸೇರಿತು. ಆ ಬಿಡುವಿನಲ್ಲಿ ವೆನೆಜುವೆಲಾದ ಸ್ಟ್ರೈಕರ್ ಮಿಕು ಮತ್ತು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಬಂದರು. ಮೊದಲ ವರ್ಷವೇ ಅಂಕಪಟ್ಟಿಯಲ್ಲಿ 40 ಅಂಕಗಳೊಡನೆ ಮೊದಲ ಸ್ಥಾನ. ಆದರೆ 2018ರ ಮಾರ್ಚ್ 17ರಂದು ಸ್ವಂತ ಮೈದಾನದಲ್ಲೇ ಚೆನ್ನೈಯಿನ್ ತಂಡಕ್ಕೆ 2-3ರಿಂದ ಸೋತು ಪ್ರಶಸ್ತಿ ಕೈತಪ್ಪಿತು.

ರೋಕಾ ಆ ಬೇಸಿಗೆಯಲ್ಲಿ ತಂಡ ಬಿಟ್ಟರು. ದೊಡ್ಡ ಹೆಸರಿನ ಹೊಸಬರನ್ನು ಹುಡುಕಲು ಕ್ಲಬ್ ಹೊರಡಲಿಲ್ಲ. ರೋಕಾ ಅವರಿಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರಿಗೇ ಹೊಣೆ ವಹಿಸಿತು. ಛೆಟ್ರಿ, ಮಿಕು, ಗುರ್‌ಪ್ರೀತ್, ಡಿಮಾಸ್ ಡೆಲ್ಗಾಡೊ, ಎರಿಕ್ ಪಾರ್ಟಾಲು, ಹ್ವಾನಾನ್ ಎಲ್ಲರೂ ಉಳಿದರು. ಹುಡುಗರ ಗುಣದೋಷ ಬಲ್ಲವರು, ಅಡುಗೆಮನೆಯ ಡಬ್ಬಿಗಳಲ್ಲಿ ಏನೇನಿದೆ ಎಂದು ತಿಳಿದವರು ಅಡುಗೆಗೆ ನಿಂತಂತಾಯಿತು. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಕ್ಲಬ್ಬಿಗೆ ಐಎಸ್‌ಎಲ್ ಕಿರೀಟ ತಂದಿತು.

ಕ್ವಾದ್ರಾತ್ 2021ರ ಜನವರಿಯಲ್ಲಿ, ಸೋಲುಗಳ ನಡುವೆ, ಋತು ಮುಗಿಯುವ ಮೊದಲೇ ಹೊರನಡೆದರು. ಅಲ್ಲಿಗೆ ಕ್ಲಬ್ಬಿನ ಮೊದಲ ಅಧ್ಯಾಯ ಮುಗಿಯಿತು. ಏಳೂವರೆ ವರ್ಷಗಳಲ್ಲಿ ಮೂವರೇ ಕೋಚ್‌ಗಳು. ಆ ಅವಧಿಯಲ್ಲಿ ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, 2018ರ ಸೂಪರ್ ಕಪ್ ಮತ್ತು ಒಂದು ಐಎಸ್‌ಎಲ್ ಕಿರೀಟ.

ಮುಂದಿನ ಮೂರು ವರ್ಷ

ಈಗ ಇನ್ನೊಂದು ಪುಟ ತಿರುಗಿಸೋಣ. 2021ರ ಫೆಬ್ರವರಿಯಲ್ಲಿ ಮಾರ್ಕೊ ಪೆಜ್ಜಾಯುವೊಲಿ ನೇಮಕವಾದರು. 2022ರ ಜೂನ್‌ನಲ್ಲಿ ಅವರು ಹೋಗಿ ಸೈಮನ್ ಗ್ರೇಸನ್ ಬಂದರು. 2023ರ ಡಿಸೆಂಬರಿನಲ್ಲಿ ಗ್ರೇಸನ್ ಹೋಗಿ ಜೆರಾರ್ಡ್ ಜರಗೋಜಾ ಬಂದರು. ನಡುನಡುವೆ ಹಂಗಾಮಿ ವ್ಯವಸ್ಥೆಗಳು ಬೇರೆ. ಏಳೂವರೆ ವರ್ಷಕ್ಕೆ ಮೂವರು ಕಂಡ ಕ್ಲಬ್ ಮೂರೇ ವರ್ಷದೊಳಗೆ ಮತ್ತೆ ಮೂವರನ್ನು ಕಂಡಿತು. ಈ ಅವಧಿಯಲ್ಲಿ ಕೈಸೇರಿದ್ದು 2022ರ ಡ್ಯುರಾಂಡ್ ಕಪ್ ಒಂದೇ.

ಕೋಚ್ ಬದಲಾದದ್ದೇ ಸೋಲಿಗೆ ಕಾರಣ ಎನ್ನುವುದು ಪೂರ್ತಿ ಸರಿಯಲ್ಲ. ಸೋತದ್ದರಿಂದ ಕೋಚ್ ಬದಲಾದರು ಎಂದೂ ಹೇಳಬಹುದು. ಇದನ್ನು ಬಿಡಿಸಿ ನೋಡಲು 2023 ಮತ್ತು 2024ರ ಎರಡು ಬಿಡುವುಗಳು ನೆರವಾಗುತ್ತವೆ. ಎರಡರಲ್ಲೂ ಕೋಚ್ ಬದಲಾಗಲಿಲ್ಲ, ಆಟಗಾರರು ಬದಲಾದರು. ಒಂದು ವರ್ಷ ತಂಡ ಮುಗ್ಗರಿಸಿತು, ಇನ್ನೊಂದು ವರ್ಷ ಎದ್ದು ನಿಂತಿತು.

2022ರಲ್ಲಿ ರಾಯ್ ಕೃಷ್ಣ, ಸಂದೇಶ್ ಝಿಂಗಾನ್, ಪ್ರಬೀರ್ ದಾಸ್ ಮುಂತಾದವರನ್ನು ಕ್ಲಬ್ ಕರೆತಂದಿತ್ತು. ಆ ತಂಡ 2023ರ ಮಾರ್ಚಿನಲ್ಲಿ ಐಎಸ್‌ಎಲ್ ಫೈನಲ್ ತಲುಪಿ, ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಇಷ್ಟು ಹತ್ತಿರ ಬಂದ ತಂಡವನ್ನು ಜತನದಿಂದ ಕಾಯ್ದುಕೊಳ್ಳಬೇಕಿತ್ತು. ಆದರೆ ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ, ಝಿಂಗಾನ್ ಗೋವಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ ಹೋದರು. 2014ರಿಂದ ತಂಡದಲ್ಲೇ ಬೆಳೆದಿದ್ದ ಉದಾಂತ ಸಿಂಗ್ ಕೂಡ ಗೋವಾ ಸೇರಿದರು. ಹೋದವರ ಜಾಗಕ್ಕೆ ಬಂದವರಲ್ಲಿ ಕರ್ಟಿಸ್ ಮೈನ್, ವೀನ್‌ಡಾರ್ಪ್ ಮೊದಲಾದವರಿಗೆ ಈ ನಾಡಿನ ಬಿಸಿಲು, ಪ್ರಯಾಣ, ಮೈದಾನ ಎಲ್ಲವೂ ಹೊಸದು. ತಂಡ 22 ಅಂಕ ಗಳಿಸಿ, 12 ತಂಡಗಳಲ್ಲಿ 10ನೆಯ ಸ್ಥಾನಕ್ಕಿಳಿಯಿತು. ಕೋಚ್ ಗ್ರೇಸನ್ ಅರ್ಧದಲ್ಲೇ ಹೊರಹೋದರು.

2024ರ ಬಿಡುವಿನಲ್ಲಿ ಜರಗೋಜಾ ಅವರನ್ನೂ ಕಳುಹಿಸಿ ಹೊಸಬರನ್ನು ತರುವುದು ಸುಲಭವಿತ್ತು. 10ನೆಯ ಸ್ಥಾನ ನೋಡಿದ ಅಭಿಮಾನಿಗಳಲ್ಲಿ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕ್ಲಬ್ ಹಾಗೆ ಮಾಡಲಿಲ್ಲ. ಅರ್ಧ ಋತು ತಂಡವನ್ನು ಹತ್ತಿರದಿಂದ ಕಂಡಿದ್ದ ಕೋಚ್‌ಗೆ ಪೂರ್ತಿ ಬಿಡುವಿನ ಸಿದ್ಧತೆಯ ಅವಕಾಶ ಕೊಟ್ಟಿತು. ಆಟಗಾರರ ಆಯ್ಕೆಯೂ ಬೇರೆ ರೀತಿಯದ್ದಾಗಿತ್ತು. ಆಲ್ಬರ್ಟೊ ನೊಗೇರಾ, ಹೋರ್ಹೆ ಪೆರೇರಾ ಡಿಯಾಜ್ ಮತ್ತು ರಾಹುಲ್ ಭೇಕೆ ಮೂವರೂ ಮುಂಬಯಿ ಸಿಟಿಯಿಂದ ಬಂದರು. ಆ ತಂಡ 2024ರ ಮೇ ತಿಂಗಳಲ್ಲಷ್ಟೇ ಐಎಸ್‌ಎಲ್ ಗೆದ್ದಿತ್ತು. ಭೇಕೆಯವರಂತೂ 2019ರ ಫೈನಲ್ ಗೆಲ್ಲಿಸಿಕೊಟ್ಟ ಹಳೆಯ ಮನೆಮಗ. ವಿದೇಶದಿಂದ ನೇರವಾಗಿ ಬಂದ ಎಡ್ಗರ್ ಮೆಂಡೆಜ್, ಪೆಡ್ರೊ ಕಾಪೊ ಅವರಿಗೆ ಈ ಬಲ್ಲವರ ಜೊತೆ ಸಿಕ್ಕಿತು.

ಫಲ ಬೇಗನೆ ಕಂಡಿತು. 2024-25ರಲ್ಲಿ ತಂಡ ಮೂರನೆಯ ಸ್ಥಾನ ಪಡೆಯಿತು, ಮುಂಬಯಿ ಸಿಟಿಯನ್ನು 5-0ಯಿಂದ ಸೋಲಿಸಿತು, ಗೋವಾವನ್ನು ದಾಟಿ ಫೈನಲ್ ತಲುಪಿತು. 2025ರ ಏಪ್ರಿಲ್ 12ರಂದು ಕೊಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು. ಒಂದೇ ವರ್ಷದಲ್ಲಿ 10ನೆಯ ಸ್ಥಾನದಿಂದ ಫೈನಲಿಗೆ ಏರಿದ್ದು ಸಣ್ಣ ಮಾತಲ್ಲ.

ನಾಲ್ವರಲ್ಲ, ಏಳು ಮಂದಿ

ಇಲ್ಲಿ ಒಂದು ನಿಯಮವನ್ನು ಓದುಗರು ಗಮನಿಸಬೇಕು. ಐಎಸ್‌ಎಲ್ ಆರಂಭವಾದ 2014ರಲ್ಲಿ ಒಂದು ತಂಡ ಏಕಕಾಲಕ್ಕೆ ಆರು ವಿದೇಶಿಯರನ್ನು ಆಡಿಸಬಹುದಿತ್ತು. 2017ರಲ್ಲಿ ಅದು ಐದಕ್ಕೂ, 2021ರಲ್ಲಿ ನಾಲ್ಕಕ್ಕೂ ಇಳಿಯಿತು. ಅಂದರೆ ಮೈದಾನದಲ್ಲಿ ಕನಿಷ್ಠ ಏಳು ಮಂದಿ ಭಾರತೀಯರು ಇರಲೇಬೇಕು. ಪತ್ರಿಕೆಗಳ ಕ್ರೀಡಾಪುಟದಲ್ಲಿ ದೊಡ್ಡದಾಗಿ ಬರುವುದು ವಿದೇಶಿ ಸ್ಟ್ರೈಕರಿನ ಹೆಸರು. ಆದರೆ ತಂಡದ ಹಣೆಬರಹ ಬರೆಯುವವರು ಈ ಏಳು ಮಂದಿ. 2023ರಲ್ಲಿ ಬೆಂಗಳೂರು ಕಳೆದುಕೊಂಡದ್ದು ಮುಖ್ಯವಾಗಿ ಇವರನ್ನೇ. 2024ರಲ್ಲಿ ಭೇಕೆ, ಚಿಂಗ್ಲೆನ್ಸಾನಾ ಸಿಂಗ್, ರೋಶನ್ ಸಿಂಗ್, ಸುರೇಶ್ ವಾಂಗ್‌ಜಮ್, ಗುರ್‌ಪ್ರೀತ್ ಇವರೆಲ್ಲ ಸೇರಿ ಬೆನ್ನೆಲುಬು ಮತ್ತೆ ಗಟ್ಟಿಯಾಯಿತು. ಕ್ಲಬ್ಬಿನ ಕಿರಿಯರ ತಂಡದಿಂದ ಮೇಲೆ ಬಂದ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್ ಆ ಋತುವಿನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದ.

ಆದರೂ ಒಂದು ತೀರ್ಮಾನವನ್ನು ಕ್ಲಬ್ ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾ ಬಂತು. ಛೆಟ್ರಿಯ ನಂತರ ಯಾರು? 1984ರಲ್ಲಿ ಹುಟ್ಟಿದ ಛೆಟ್ರಿ 2024-25ರಲ್ಲಿ, ನಲವತ್ತರ ಪ್ರಾಯದಲ್ಲಿ, 14 ಗೋಲು ಹೊಡೆದರು. ಗೋವಾ ವಿರುದ್ಧದ ಸೆಮಿಫೈನಲಿನಲ್ಲಿ ಕೊನೆಯ ಗಳಿಗೆಯಲ್ಲಿ ತಂಡವನ್ನು ದಡ ಸೇರಿಸಿದವರೂ ಅವರೇ. 2024ರ ಜೂನ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದವರನ್ನು 2025ರ ಮಾರ್ಚಿನಲ್ಲಿ ಮತ್ತೆ ಕರೆಯಬೇಕಾಯಿತು. ಅವರ ಶಿಸ್ತಿಗೆ ನಾವು ತಲೆಬಾಗುತ್ತೇವೆ. ಆದರೆ ಇಡೀ ದೇಶದಲ್ಲಿ ಅವರ ಜಾಗ ತುಂಬುವ ಇಪ್ಪತ್ತೈದರ ಯುವಕ ಕಾಣದಿರುವುದು ಹೆಮ್ಮೆಪಡುವ ಸಂಗತಿಯಲ್ಲ. ಲೀಗಿನ ಕ್ಲಬ್‌ಗಳು ವರ್ಷವರ್ಷವೂ ಗೋಲು ಹೊಡೆಯುವ ಜಾಗಕ್ಕೆ ವಿದೇಶಿಯರನ್ನೇ ತಂದವು. ಭಾರತೀಯ ಹುಡುಗರು ಬದಿಯಲ್ಲಿ ಓಡುವವರಾಗಿ ಇಲ್ಲವೇ ಬದಲಿ ಆಟಗಾರರಾಗಿ ಉಳಿದರು.

ಸಂಬಳ ನಿಂತ ಬೇಸಿಗೆ

2025ರ ಬಿಡುವಿನಲ್ಲಿ ಬೆಂಗಳೂರಿಗೆ ಬೇಕಿದ್ದದ್ದು ಸಣ್ಣಪುಟ್ಟ ತಿದ್ದುಪಡಿ ಮಾತ್ರ. ಆಗಲೇ ಕಾಲಡಿಯ ನೆಲ ಕುಸಿಯಿತು. ಲೀಗ್ ನಡೆಸುವ ಹಕ್ಕನ್ನು ಭಾರತೀಯ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 15 ವರ್ಷಗಳ ಕರಾರಿನ ಮೇಲೆ ಖಾಸಗಿಯವರಿಗೆ ವಹಿಸಿತ್ತು. ಅದು 2025ರ ಡಿಸೆಂಬರಿನಲ್ಲಿ ಮುಗಿಯುವುದಿತ್ತು. ನವೀಕರಣದ ಮಾತುಕತೆ ಫಲಿಸಲಿಲ್ಲ, ಫೆಡರೇಷನ್ನಿನ ಸಂವಿಧಾನದ ವಿಚಾರ ಸುಪ್ರೀಂ ಕೋರ್ಟಿನಲ್ಲಿತ್ತು. ಜುಲೈ 11ರಂದು ಲೀಗಿನ ಆಯೋಜಕರು ಹೊಸ ಋತುವನ್ನು ತಡೆಹಿಡಿದಿರುವುದಾಗಿ ಕ್ಲಬ್‌ಗಳಿಗೆ ತಿಳಿಸಿದರು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೆ ಇದು ಅನ್ವಯಿಸದು ಎಂದು ಹೇಳಿದ್ದು ಸಮಾಧಾನದ ಸಂಗತಿ. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಲೀಗ್ ನಡೆಯುವುದೆಂದು ಘೋಷಿಸುವವರೆಗೆ ದಿನಾಂಕವೇ ಗೊತ್ತಿರಲಿಲ್ಲ.

ಲೀಗಿನಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದ ಆಡಳಿತವೆಂದು ಹೆಸರಾಗಿದ್ದ ಕ್ಲಬ್ಬಿನಲ್ಲೇ ಹೀಗಾಯಿತು ಎಂಬುದನ್ನು ಮರೆಯಬಾರದು. ಇದಕ್ಕೆ ಮೊದಲೂ ಎಚ್ಚರಿಕೆಯ ಗಂಟೆ ಬಾರಿಸಿತ್ತು. 2022ರ ಮಾರ್ಚಿನಲ್ಲಿ ಐಎಸ್‌ಎಲ್ ಗೆದ್ದ ಹೈದರಾಬಾದ್ ತಂಡ ಎರಡೇ ವರ್ಷದಲ್ಲಿ ಸಂಬಳ ಕೊಡಲಾಗದೆ ಆಟಗಾರರನ್ನು ಕಳೆದುಕೊಂಡು ಕೊನೆಯ ಸ್ಥಾನಕ್ಕೆ ಬಿತ್ತು. ಮೇಲೆ ಹೇಳಿದ ಚಿಂಗ್ಲೆನ್ಸಾನಾ ಬೆಂಗಳೂರಿಗೆ ಬಂದದ್ದೂ ಆ ತಂಡದಿಂದಲೇ. ಫುಟ್‌ಬಾಲ್ ಆಟಗಾರನ ದುಡಿಮೆಯ ಕಾಲ ಹತ್ತು ಹನ್ನೆರಡು ವರ್ಷ. ಅದರಲ್ಲಿ ಒಂದು ವರ್ಷ ವ್ಯರ್ಥವಾದರೆ ಮರಳಿ ಬರುವುದಿಲ್ಲ. ಹೆಸರುವಾಸಿಗಳು ಹೇಗೋ ತಡೆದುಕೊಳ್ಳುತ್ತಾರೆ. ಸಣ್ಣ ಕರಾರಿನ ಹುಡುಗ, ಸಹಾಯಕ ಕೋಚ್, ಫಿಸಿಯೊ, ಸಾಮಾನು ನೋಡಿಕೊಳ್ಳುವವನು ಮನೆ ಬಾಡಿಗೆ ಎಲ್ಲಿಂದ ಕಟ್ಟಬೇಕು?

ನಮಗೇನು ಪಾಠ?

ಹದಿಮೂರು ಬೇಸಿಗೆಗಳ ಈ ಲೆಕ್ಕದಿಂದ ಮೂರು ಮಾತು ಹೇಳಬಹುದು. ಮೊದಲನೆಯದು, ಸೋತ ಕೂಡಲೇ ಎಲ್ಲರನ್ನೂ ಬದಲಿಸುವುದು ಪರಿಹಾರವಲ್ಲ. ಒಬ್ಬರು ಹೋಗುವಾಗ ಅವರ ಕೆಲಸ ಬಲ್ಲ ಇನ್ನೊಬ್ಬರು ಒಳಗೇ ಸಿದ್ಧರಿರಬೇಕು. ಎರಡನೆಯದು, ಹೆಸರಿಗಿಂತ ಹೊಂದಿಕೆ ಮುಖ್ಯ. ಮೂರನೆಯದು, ಒಂದು ಕ್ಲಬ್ ಎಷ್ಟೇ ಸರಿಯಾಗಿ ನಡೆದುಕೊಂಡರೂ ಲೀಗಿನ ಆಡಳಿತ ನೆಟ್ಟಗಿಲ್ಲದಿದ್ದರೆ ಅದರ ಶ್ರಮ ನೀರಿನಲ್ಲಿ ಮಾಡಿದ ಹೋಮ.

ಮೊದಲ ಎರಡು ಮಾತು ನಮ್ಮ ಶಾಲೆಗಳಿಗೂ ಯುವಕ ಸಂಘಗಳಿಗೂ ಸಲ್ಲುತ್ತವೆ. ಒಂದು ಟೂರ್ನಮೆಂಟು ಸೋತರೆಂದು ಕೋಚನ್ನು ಬದಲಿಸುವುದು, ಫೈನಲಿಗಾಗಿ ಹೊರಗಿನ ಆಟಗಾರರನ್ನು ಬಾಡಿಗೆಗೆ ತಂದು ಊರಿನ ಹುಡುಗರನ್ನು ಬೆಂಚಿನಲ್ಲಿ ಕೂರಿಸುವುದು ನಮ್ಮಲ್ಲಿ ಹೊಸದಲ್ಲ. ಕಪಾಟಿಗೆ ಒಂದು ಕಪ್ ಸೇರುತ್ತದೆ, ಊರಿನ ಹುಡುಗ ಮಾತ್ರ ಆಡುವುದನ್ನು ಬಿಡುತ್ತಾನೆ. ಒಬ್ಬ ಕೋಚ್‌ಗೆ ಕನಿಷ್ಠ ಮೂರು ವರ್ಷ ಕೊಡಿ. ಹತ್ತನೆಯವರ ಜೊತೆ ಎಂಟು, ಒಂಬತ್ತನೆಯ ತರಗತಿಯ ಹುಡುಗರನ್ನೂ ಆಡಿಸಿ.

ಇನ್ನು ತಂದೆತಾಯಂದಿರ ಪ್ರಶ್ನೆ. ಮಗನನ್ನು ಆಡಲು ಬಿಡಿ, ಖಂಡಿತ ಬಿಡಿ. ಕಿರಿಯರ ತಂಡದಿಂದ ಮೇಲೆ ಬರುವ ದಾರಿ ಇದೆ ಎಂಬುದಕ್ಕೆ ವಿನೀತನಂಥ ಹುಡುಗರು ಸಾಕ್ಷಿ. ಆದರೆ ಪಿಯುಸಿ, ಡಿಗ್ರಿ ನಿಲ್ಲಿಸಬೇಡಿ. ಅಕಾಡೆಮಿಗೆ ಸೇರಿಸುವ ಮೊದಲು ಅಲ್ಲಿನ ಕೋಚ್ ಎಷ್ಟು ವರ್ಷದಿಂದ ಇದ್ದಾರೆ, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದ್ದು ಎಂದು ಕೇಳಿ. ಮುಂದೆ ಕ್ಲಬ್ಬಿನವರು ಕರಾರುಪತ್ರ ಮುಂದಿಟ್ಟರೆ ಎಷ್ಟು ವರ್ಷದ್ದು, ಲೀಗ್ ನಿಂತರೆ ಸಂಬಳದ ಗತಿ ಏನು ಎಂದು ಓದಿ ನೋಡಿದ ಮೇಲೆಯೇ ಸಹಿ ಹಾಕಿಸಿ. ಇದನ್ನೆಲ್ಲ ಕೇಳಲು ಸಂಕೋಚಪಡಬೇಕಾಗಿಲ್ಲ. ದೊಡ್ಡ ಕ್ಲಬ್‌ಗಳು ಬಿಡುವಿನ ತಿಂಗಳುಗಳಲ್ಲಿ ಕುಳಿತು ಲೆಕ್ಕ ಹಾಕುವುದೂ ಇವನ್ನೇ.