ಸಂಜೀವಿನಿಯ ಸಂಕಟ

2016ರಲ್ಲಿ ಅಮೆರಿಕದ ಬ್ಲಿಜಾರ್ಡ್ ಸಂಸ್ಥೆಯು ಹೊರತಂದ ‘ಓವರ್‌ವಾಚ್’ ಎಂಬ ಗುಂಡಿನ ಕಾಳಗದ ಕಂಪ್ಯೂಟರ್ ಆಟದಲ್ಲಿ ಆರಾರು ಮಂದಿಯ ಎರಡು ತಂಡಗಳು ಸೆಣಸುತ್ತಿದ್ದವು. ಅದರಲ್ಲಿ ಮರ್ಸಿ ಎಂಬವಳು ವೈದ್ಯೆ. ಸನಿಹದಲ್ಲಿ ಮಡಿದ ಸಂಗಾತಿಗಳನ್ನೆಲ್ಲ ಒಮ್ಮೆಗೇ ಬದುಕಿಸುವ ಸಂಜೀವಿನೀ ವಿದ್ಯೆ ಅವಳಿಗಿತ್ತು. ಫಲವೇನಾಯಿತು? ಮರ್ಸಿಯಾಗಿ ಆಡುವವರು ಅನೇಕರು ಗಾಯಾಳುಗಳ ಉಪಚಾರವನ್ನು ಬಿಟ್ಟು, ಎಲ್ಲರೂ ಸಾಯಲೆಂದು ಮರೆಯಲ್ಲಿ ಕಾದು ಕುಳಿತರು! ಕಷ್ಟಪಟ್ಟು ಗೆದ್ದ ಎದುರಾಳಿಗಳು ಕೆರಳಿದರು.

2017ರ ಸೆಪ್ಟೆಂಬರಿನಲ್ಲಿ ಸಂಸ್ಥೆಯು, ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಬದುಕಿಸಬಹುದೆಂದೂ, ಮತ್ತೊಬ್ಬರಿಗಾಗಿ 30 ಸೆಕೆಂಡು ತಡೆಯಬೇಕೆಂದೂ ಕಟ್ಟುಮಾಡಿತು. ಮರ್ಸಿಯ ಹಿರಿಮೆಯೇ ಹೋಯಿತೆಂದು ಅಭಿಮಾನಿಗಳ ಅಳಲು. ಈಗಲೂ ಆಕೆ ಅತಿಪ್ರಬಲಳೆಂದು ಉಳಿದವರ ದೂರು. 2018ರಲ್ಲಿ ಆಕೆಯ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಲಾಯಿತು.

ಈ ಕಲಹದಲ್ಲಿ ಒಂದು ಮಾತಂತೂ ನಿಜ: ಸಾವಿಗಾಗಿ ಕಾಯುವವಳಲ್ಲ, ಸಾಯದಂತೆ ಕಾಯುವವಳೇ ವೈದ್ಯೆ.